ಒಲ್ಲದ ಅತಿಥಿ

ಊಟಕ್ಕೆ ಕುಳಿತ ಮನುಷ್ಯನು ಬಡಿಸಿದ ಪದಾರ್ಥವೊಂದನ್ನು ಬೇಡವೆಂದಾಗ, ಆ ಮಾತನ್ನು ಆಡಿದುದು ಅವನ ಧರ್ಮವೋ ಅವನ ನಾಲಗೆಯೋ ಎಂಬುದನ್ನು ನಿರ್ಣಯಿಸುವುದು ಸುಲಭವಲ್ಲ. ನೋಡುವವರಿಗಿರಲಿ, ಅವನಿಗೇ ಸುಲಭವಲ್ಲ. ಸ್ವಂತ ಮನೆಯಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಅಲ್ಲಿ ತಾಯಿಯಾಗಲಿ ಹೆಂಡತಿಯಾಗಲಿ ಅವನ ಒಲವು ಒಲ್ಲಮೆಗಳನ್ನು ಮೊದಲೇ ಅರಿತು, ಬೇಡವೆನ್ನುವ ಸಂದರ್ಭವೇ ಬಾರದಂತೆ ಅಡಿಗೆ ಮಾಡಿರುತ್ತಾರೆ. ಬಂಧುಗಳ ಮನೆಯಲ್ಲಿಯೂ ಅಷ್ಟೆ. ಯಾವ ಪದಾರ್ಥದ ಹೆಸರೂ ತಿಳಿಯದ, ಯಾವ ವಾಸನೆಯೂ ಪರಿಚಿತವಲ್ಲದ, ಆದರೆ ಬಡಿಸುವವರ ವಿಶ್ವಾಸ ಮಾತ್ರ ಸ್ಪಷ್ಟವಾಗಿ ಕಾಣುವ ಪರದೇಶದ ಪಂಕ್ತಿಯಲ್ಲಿ ಕುಳಿತಾಗ ಅದು ತನ್ನ ನಿಜಸ್ವರೂಪದಲ್ಲಿ ಎದುರಾಗುತ್ತದೆ.

ಒಂದು ಪ್ರಸಂಗವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಮೇಲು. ಕರ್ಣಾಟಕದ ತಾಲ್ಲೂಕು ಊರೊಂದರಲ್ಲಿ ಬಹುಕಾಲ ಉಪಾಧ್ಯಾಯರಾಗಿದ್ದು ನಿವೃತ್ತರಾದ ಹಿರಿಯರೊಬ್ಬರು, ದಕ್ಷಿಣ ಕೊರಿಯಾದ ರಾಜಧಾನಿಯಾದ ಸಿಯೋಲ್ ನಗರದಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ ಹೋಗಿದ್ದಾರೆಂದು ಇಟ್ಟುಕೊಳ್ಳಬಹುದು. ಹದಿನೈದು ದಿನ ಸೊಸೆಯ ಕೈಯ ಅನ್ನ ಸಾರುಗಳಲ್ಲಿ ಕಾಲ ಸುಗಮವಾಗಿ ಕಳೆಯಿತು. ಹದಿನಾರನೆಯ ದಿನ ಮಗನ ಜೊತೆಯ ಉದ್ಯೋಗಿಯಾದ ಕೊರಿಯದ ತರುಣನೊಬ್ಬನು ಹಿರಿಯರನ್ನು ಊಟಕ್ಕೆ ಕರೆದನು. ಕರೆದುದು ವೈಭವದ ಭೋಜನಶಾಲೆಗಲ್ಲ. ತಾನು ವಿದ್ಯಾರ್ಥಿಯಾಗಿದ್ದಂದಿನಿಂದ ಊಟಮಾಡುತ್ತ ಬಂದಿದ್ದ, ಗಲ್ಲಿಯೊಳಗಿನ, ಆರೇಳು ಮೇಜುಗಳ ಒಂದು ಸಣ್ಣ ಊಟದ ಮನೆಗೆ. ಹಿರಿಯರು ಹುಟ್ಟಿದಂದಿನಿಂದ ಶಾಕಾಹಾರಿಗಳು. "ಹೋಗಲೇಬೇಕೇನಪ್ಪಾ?" ಎಂದು ಮಗನನ್ನು ಕೇಳಿದರು. "ಪ್ರೀತಿಯಿಂದ ಕರೆದಿದ್ದಾನೆ ಅಪ್ಪ. ಹೋಗದಿದ್ದರೆ ಚೆನ್ನಾಗಿರುವುದಿಲ್ಲ" ಎಂದನು ಮಗ. ಹೋದರು.

ಇಂಥ ಊಟದ ಮನೆಗಳ ರೀತಿಯನ್ನು ಸ್ವಲ್ಪ ತಿಳಿದಿರುವುದು ಅವಶ್ಯ. ಅಲ್ಲಿ ಉಪಚಾರದ ಆಡಂಬರವಿಲ್ಲ. ಪದಾರ್ಥಗಳ ಹೆಸರು ಬೆಲೆಗಳು ಗೋಡೆಯ ಮೇಲಿರುತ್ತವೆ. ಚಮಚವೂ ಲೋಹದ ಊಟದ ಕಡ್ಡಿಗಳೂ ಮೇಜಿನ ಮೇಲಿನ ಪೆಟ್ಟಿಗೆಯಲ್ಲಿಯೋ ಮೇಜಿನ ಅಂಚಿನ ಕೆಳಗಿನ ಖಾನೆಯಲ್ಲಿಯೋ ಇರುತ್ತವೆ, ಬಂದವರೇ ತೆಗೆದುಕೊಳ್ಳಬೇಕು. ನೀರನ್ನೂ ಬಹಳ ಕಡೆ ತಾವೇ ತಂದುಕೊಳ್ಳಬೇಕು. ಇಷ್ಟು ನಿರುಪಚಾರವಾದ ಸ್ಥಳದಲ್ಲಿಯೂ ಒಂದು ವಿಶೇಷವುಂಟು. ಕೇಳಿದ ಪದಾರ್ಥ ಬರುವುದಕ್ಕೆ ಮೊದಲೇ, ಕೇಳದೆ ಇದ್ದ ನಾಲ್ಕಾರು ಪದಾರ್ಥಗಳು ಪುಟ್ಟ ಬಟ್ಟಲುಗಳಲ್ಲಿ ಬಂದು ಕೂಡುತ್ತವೆ. ಇವಕ್ಕೆ ಅವರು ಬಂಚಾನ್ ಎನ್ನುತ್ತಾರೆ. ಅನ್ನಕ್ಕೆ ನಂಚಿಕೊಳ್ಳುವ ವ್ಯಂಜನವೆಂದು ಅರ್ಥ. ಇವಕ್ಕೆ ಬೇರೆ ಬೆಲೆಯಿಲ್ಲ. ಮುಗಿದರೆ ಮತ್ತೆ ಹಾಕುವುದು ವಾಡಿಕೆ. ಅಡಿಗೆಯ ಮನೆಯಲ್ಲಿರುವ ಮಧ್ಯವಯಸ್ಸಿನ ಹೆಂಗಸನ್ನು ಗಿರಾಕಿಗಳು "ಇಮೊ" ಎಂದು ಕೂಗುವುದುಂಟು. ತಾಯಿಯ ಅಕ್ಕತಂಗಿಯರನ್ನು ಕರೆಯುವ ಮಾತು ಅದು; ಕನ್ನಡದಲ್ಲಾದರೆ ದೊಡ್ಡಮ್ಮ, ಚಿಕ್ಕಮ್ಮ. ಒಬ್ಬರನ್ನೊಬ್ಬರು ಕಂಡಾಗ ಅನ್ನ ಉಂಡೆಯಾ ಎಂದು ಕೇಳುವುದು ಆ ಜನದಲ್ಲಿ ಕುಶಲಪ್ರಶ್ನೆಯ ರೂಢಿಯಾಗಿದೆ. "ಊಟ ಆಯಿತೇ?" ಎಂದು ದಾರಿಯಲ್ಲಿ ಕೇಳಿ ಮುಂದೆ ಹೋಗುವ ಕನ್ನಡಿಗನಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಹಿರಿಯರು ಕುಳಿತರು. ಬೆಳ್ಳುಳ್ಳಿ, ಎಳ್ಳೆಣ್ಣೆ, ಹುದುಗಿದ ಸೋಯಾಕಾಳು ಇವುಗಳ ವಾಸನೆ ಒಟ್ಟುಗೂಡಿ ಬಂತು. ಎದುರಿಗೆ ಕೆಂಪಾದ ಕೋಸಿನ ಕಿಮ್‌ಚಿ ಬಂತು. ಹೊರಡುವುದಕ್ಕೆ ಮುಂಚೆ ಊರಿನವರು ಹೇಳಿದ್ದ ಮಾತುಗಳೂ ನೆನಪಿಗೆ ಬಂದವು: ಅಲ್ಲಿಯ ಜನ ನಾಯಿಯನ್ನು ತಿನ್ನುತ್ತಾರಂತೆ. ಈ ಮಾತು ಸುಳ್ಳೆಂದು ಹೇಳುವಂತಿಲ್ಲ. ಆದರೆ ಹೇಳುವವರಿಗೆ ಅದರ ಅರ್ಧವೇ ತಿಳಿದಿರುತ್ತದೆ. 1988ರಲ್ಲಿ ಸಿಯೋಲಿನಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದಾಗ ಪರದೇಶದವರ ನಿಂದೆಗೆ ಅಂಜಿ ಸರ್ಕಾರವು ಅಂಥ ಅಂಗಡಿಗಳನ್ನು ಹಿಂದಿನ ಗಲ್ಲಿಗಳಿಗೆ ತಳ್ಳಿತು, ಪದ್ಧತಿ ನಿಲ್ಲಲಿಲ್ಲ. ಕಾಲಕ್ರಮದಲ್ಲಿ ಆ ದೇಶದ ಮಕ್ಕಳೇ ನಾಯಿಯನ್ನು ಮನೆಯ ಜೀವವೆಂದು ಸಾಕಲು ತೊಡಗಿದರು. 2024ರ ಜನವರಿಯಲ್ಲಿ ಅವರ ಶಾಸನಸಭೆಯೇ, ಮೂರು ವರ್ಷದ ಅವಧಿಯನ್ನಿತ್ತು, ಆಹಾರಕ್ಕಾಗಿ ನಾಯಿಯನ್ನು ಸಾಕುವುದನ್ನೂ ಕೊಲ್ಲುವುದನ್ನೂ ಮಾರುವುದನ್ನೂ ನಿಷೇಧಿಸಿತು. ಹೊರಗಿನವರ ಹೇಸಿಗೆ ಮಾಡಿಸಿದುದು ಮುಚ್ಚಿಡುವಿಕೆಯನ್ನು. ಒಳಗಿನವರ ಕರುಣೆ ಮಾಡಿಸಿದುದು ಕಾನೂನನ್ನು. ಅದು ಹೇಗೂ ಇರಲಿ. ಈ ಮೇಜಿನ ಮೇಲಿದ್ದುದು ಕೋಸು, ಮೂಲಂಗಿ, ಸೋಯಾ ಮೊಳಕೆ.

ಹಿರಿಯರು ಮಗನ ಕಡೆ ತಿರುಗಿ, "ನನಗೆ ಹಸಿವಿಲ್ಲ ಎಂದು ಹೇಳಿಬಿಡು" ಎಂದರು.

ವಿಚಾರ ಮಾಡಬೇಕಾದುದು ಈ ಮಾತನ್ನು. ಹಿರಿಯರಿಗೆ ಹಸಿವಿತ್ತು. ಸುಳ್ಳಾಡಬಾರದೆಂದು ಮೂವತ್ತು ವರ್ಷ ಹುಡುಗರಿಗೆ ಬೋಧಿಸಿದವರು ಇಲ್ಲಿ ಒಂದು ಕ್ಷಣವೂ ತಡೆಯದೆ ಸುಳ್ಳಾಡಿದರು. ಅದನ್ನು ಸುಳ್ಳೆಂದು ಎಣಿಸಲೂ ಇಲ್ಲ. ಊಟದ ಸಂದರ್ಭದಲ್ಲಿ ಆಡುವ ಇಂಥ ಮಾತುಗಳಿಗೆ ಲೋಕವು ಮರ್ಯಾದೆ ಎಂದು ಹೆಸರಿಟ್ಟಿದೆ. ಆದರೆ ಈ ಮರ್ಯಾದೆಯಿಂದ ಬಡಿಸಿದವಳಿಗೆ ಏನು ಉಳಿಯಿತು? ವೃದ್ಧರಿಗೆ ಮೈ ಸರಿಯಿಲ್ಲವೋ, ತನ್ನ ಅಡಿಗೆ ಹಿಡಿಸಲಿಲ್ಲವೋ, ಸ್ಥಳ ಕೀಳೆಂದು ಕಂಡಿತೋ ಎಂದು ಅವಳು ಬಗೆಬಗೆಯಾಗಿ ಶಂಕಿಸಬಹುದು. ಯಾವುದಕ್ಕೂ ಪರಿಹಾರ ಅವಳ ಕೈಯಲ್ಲಿಲ್ಲ. "ನಾನು ಮೀನು ಮಾಂಸ ಮೊಟ್ಟೆಗಳನ್ನು ತಿನ್ನುವವನಲ್ಲ" ಎಂದು ಹೇಳಿದ್ದರೆ ಅವಳಿಗೆ ಮಾಡಲು ಒಂದು ಕೆಲಸವಿರುತ್ತಿತ್ತು.

ಹಾಗಾದರೆ ಹಿರಿಯರು ಸತ್ಯವನ್ನೇಕೆ ಹೇಳಲಿಲ್ಲ? ಹೇಳಿದ್ದರೆ ಅದು ಅರ್ಧ ಸತ್ಯವಾಗುತ್ತಿತ್ತೆಂದು ಅವರ ಮನಸ್ಸಿನ ಯಾವುದೋ ಮೂಲೆಗೆ ತಿಳಿದಿದ್ದಿರಬೇಕು. ಅವರನ್ನು ಹಿಂಜರಿಸಿದುದು ವ್ರತ ಒಂದೇ ಅಲ್ಲ. ವಾಸನೆ, ಬಣ್ಣ, ಕೇಳಿದ್ದ ಕಥೆ, ಕಡ್ಡಿ ಹಿಡಿಯಲು ಬಾರದ ನಾಚಿಕೆ ಇವೆಲ್ಲ ಸೇರಿದ್ದವು. ವ್ರತವೂ ಜುಗುಪ್ಸೆಯೂ ಒಂದೇ ಮನೆಯಲ್ಲಿ ಬೆಳೆದ ಅವಳಿಗಳು. ಶಾಕಾಹಾರದ ಮನೆಯಲ್ಲಿ ಬೆಳೆದ ಮಗುವಿಗೆ ಅಹಿಂಸೆಯ ವಿಚಾರ ತಿಳಿಯುವುದು ಹತ್ತು ಹನ್ನೆರಡನೆಯ ವಯಸ್ಸಿಗೆ. ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವುದು ಮೂರನೆಯ ವಯಸ್ಸಿಗೇ ಬಂದಿರುತ್ತದೆ. ಮುಂದೆ ದೊಡ್ಡವನಾದ ಮೇಲೆ ಮೂಗು ಹೇಳಿದುದನ್ನೆಲ್ಲ ಅಹಿಂಸೆಯೇ ಹೇಳಿತೆಂದು ಅವನು ನಂಬುತ್ತಾನೆ.

ಇವೆರಡನ್ನೂ ಬೇರೆ ಮಾಡಿ ನೋಡಲು ಕಿಮ್‌ಚಿ ಒಳ್ಳೆಯ ಒರೆಗಲ್ಲು. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಆಹಾರವನ್ನು ಮೂರು ಬಗೆಯಾಗಿ ವಿಂಗಡಿಸಿದೆಯಷ್ಟೆ. ಅತಿ ಹುಳಿ, ಅತಿ ಉಪ್ಪು, ಅತಿ ಖಾರ ರಾಜಸ. ಹಳಸಿದ್ದು, ನಾರುವುದು, ಎಂಜಲಾದದ್ದು ತಾಮಸ. ಉಪ್ಪಿನಲ್ಲಿ ಹದಮಾಡಿ, ಮೆಣಸಿನಪುಡಿ ಬೆಳ್ಳುಳ್ಳಿಗಳನ್ನು ಹಚ್ಚಿ, ವಾರಗಟ್ಟಲೆ ತಿಂಗಳುಗಟ್ಟಲೆ ಹುಳಿಯಲು ಬಿಟ್ಟ ಕೋಸನ್ನು ಈ ವಿಂಗಡಣೆಯಲ್ಲಿ ಎಲ್ಲಿಡಬೇಕೆಂಬುದು ಸ್ಪಷ್ಟವಾಗಿಯೇ ಕಾಣುತ್ತದೆ. ಆದರೆ ಅದೇ ನ್ಯಾಯದಿಂದ, ರಾತ್ರಿಯೆಲ್ಲ ಹುದುಗಿ ಉಬ್ಬಿದ ಇಡ್ಲಿಯ ಹಿಟ್ಟನ್ನೂ, ವರ್ಷ ಕಳೆದ ಮಾವಿನ ಮಿಡಿಯ ಉಪ್ಪಿನಕಾಯಿಯನ್ನೂ ಎಲ್ಲಿಡಬೇಕು? ಮನುಸ್ಮೃತಿಯ ಐದನೆಯ ಅಧ್ಯಾಯವು ಹುಳಿತ ಪದಾರ್ಥಗಳನ್ನೆಲ್ಲ ವರ್ಜಿಸಿ, ಕೂಡಲೇ ಮುಂದಿನ ಶ್ಲೋಕದಲ್ಲಿ ಮೊಸರನ್ನೂ ಮೊಸರಿನಿಂದಾದುವುಗಳನ್ನೂ ತಿನ್ನಬಹುದೆಂದು ಬಿಟ್ಟುಕೊಡುತ್ತದೆ. ಮೊಸರಿಲ್ಲದೆ ಊಟ ಮುಗಿಯದ ಜನ ಬರೆದ ಶಾಸ್ತ್ರವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಿಲ್ಲ! ಶಾಸ್ತ್ರಕ್ಕೂ ಒಂದು ನಾಲಗೆಯುಂಟು, ಅದು ಯಾವುದೋ ಒಂದು ಊರಿನ ಅಡಿಗೆಯ ಮನೆಯಲ್ಲಿ ಬೆಳೆದದ್ದು.

ಕಿಮ್‌ಚಿಯ ಕೆಂಪಿಗೆ ಹಿಂಜರಿಯುವ ಕನ್ನಡಿಗನು ಮತ್ತೊಂದನ್ನೂ ಮರೆಯುತ್ತಾನೆ. ಮೆಣಸಿನಕಾಯಿ ಅವನದೂ ಅಲ್ಲ, ಅವರದೂ ಅಲ್ಲ. ಅಮೆರಿಕಾ ಖಂಡದಲ್ಲಿ ಹುಟ್ಟಿದ ಆ ಗಿಡ ಪೋರ್ಚುಗೀಸರ ಹಡಗುಗಳೊಡನೆ ಭಾರತದ ಪಶ್ಚಿಮ ಕರಾವಳಿಗೆ ಬಂತು. ಕೊರಿಯದಲ್ಲಿ 1592ರಿಂದ 1598ರ ವರೆಗೆ ಜಪಾನೀಯರೊಡನೆ ನಡೆದ ಯುದ್ಧದ ಆಸುಪಾಸಿನಲ್ಲಿ ಅದು ಅಲ್ಲಿಗೆ ತಲಪಿತೆಂದು ಹೇಳುತ್ತಾರೆ; ಈ ಸುಗ್ವಾಂಗ್ ಎಂಬ ವಿದ್ವಾಂಸನು 1614ರಲ್ಲಿ ಅದು ಜಪಾನಿನಿಂದ ಬಂದುದೆಂದು ಬರೆದಿದ್ದಾನೆ. ಅದಕ್ಕೆ ಮುಂಚೆ ಅವರ ಕಿಮ್‌ಚಿ ಬೆಳ್ಳಗಿತ್ತು. ಇವರ ಸಾರಿಗೆ ಕರಿಮೆಣಸು ಖಾರವನ್ನು ಕೊಡುತ್ತಿತ್ತು. ಒಂದೇ ಗಿಡದ ಸಾಲಗಾರರಿಬ್ಬರು ಒಬ್ಬರ ಖಾರವನ್ನು ಇನ್ನೊಬ್ಬರು ವಿಪರೀತವೆನ್ನುತ್ತಾರೆ.

ಇಷ್ಟರಿಂದ ಜುಗುಪ್ಸೆಯೆಲ್ಲ ನಿರಾಧಾರ, ಆದುದರಿಂದ ಬಡಿಸಿದುದನ್ನೆಲ್ಲ ತಿನ್ನತಕ್ಕದ್ದು ಎಂದು ತೀರ್ಮಾನಿಸಿದರೆ ಅದು ಅವಸರದ ತೀರ್ಮಾನವಾಗುತ್ತದೆ. ಏಕೆಂದರೆ ಆ ಕಿಮ್‌ಚಿಯೊಳಗೆ, ಸಾಮಾನ್ಯವಾಗಿ, ಉಪ್ಪಿನಲ್ಲಿ ಕಳಿಸಿದ ಸಣ್ಣ ಸೀಗಡಿಯೋ ಮೀನಿನ ರಸವೋ ಇರುತ್ತದೆ. ಕಣ್ಣಿಗೆ ಕೋಸೇ ಕಾಣುತ್ತದೆ. ಅನೇಕ ಸಾರುಗಳ ನೀರನ್ನು ಒಣಗಿಸಿದ ಸಣ್ಣ ಮೀನಿನಿಂದ ಕುದಿಸಿರುತ್ತಾರೆ. ಮಾಂಸವಿದೆಯೇ ಎಂದು ಕೇಳಿದರೆ ಇಲ್ಲವೆಂಬ ಉತ್ತರ ಬಂದೀತು. ಅದು ಸುಳ್ಳೂ ಅಲ್ಲ. ಆ ಭಾಷೆಯ ಬಳಕೆಯಲ್ಲಿ ಮಾಂಸವೆಂದರೆ ದನ, ಹಂದಿ, ಕೋಳಿಗಳ ಮಾಂಸ. ಸಾರಿಗೆ ರುಚಿ ಬರಲು ಕುದಿಸಿ ತೆಗೆದ ಸಣ್ಣ ಮೀನನ್ನು ಯಾರೂ ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಇಲ್ಲಿ ಮಗನು ಮೆಲ್ಲಗೆ ಒಂದು ಉಪಾಯ ಹೇಳಿದನು: "ಅಪ್ಪ, ಹೆಚ್ಚಾಗಿ ವಿಚಾರಿಸಬೇಡಿ. ಗೊತ್ತಿಲ್ಲದೆ ತಿಂದರೆ ದೋಷವಿಲ್ಲ."

ಪರದೇಶದಲ್ಲಿ ಬಾಳುವ ಎಷ್ಟೋ ಮಂದಿ ಸಜ್ಜನರು ಈ ಉಪಾಯದಿಂದಲೇ ದಿನ ಕಳೆಯುತ್ತಾರೆ. ಅವರನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಆದರೆ ಈ ವಿಷಯವನ್ನು ಬಹು ಹಿಂದೆಯೇ ಕೂಲಂಕಷವಾಗಿ ಯೋಚಿಸಿದ್ದ ಜನರುಂಟು. ಭಿಕ್ಷಾನ್ನದಿಂದ ಬದುಕುವ ಬೌದ್ಧ ಭಿಕ್ಷುವಿಗೆ ಪಾತ್ರೆಯಲ್ಲಿ ಬಿದ್ದುದನ್ನು ಆರಿಸುವ ಸ್ವಾತಂತ್ರ್ಯವಿರಲಿಲ್ಲ. ಮಾಂಸವನ್ನು ಸಂಘಕ್ಕೆ ಸಂಪೂರ್ಣವಾಗಿ ನಿಷೇಧಿಸಬೇಕೆಂದು ದೇವದತ್ತನು ಕೇಳಿದಾಗ ಬುದ್ಧನು ಒಪ್ಪಲಿಲ್ಲವೆಂದು ವಿನಯಪಿಟಕವು ಹೇಳುತ್ತದೆ. ಒಪ್ಪದಿದ್ದರೂ ಒಂದು ಕಟ್ಟನ್ನಿಟ್ಟನು: ಆ ಪ್ರಾಣಿಯನ್ನು ತನಗಾಗಿಯೇ ಕೊಂದುದನ್ನು ಭಿಕ್ಷುವು ಕಂಡಿರಕೂಡದು, ಕೇಳಿರಕೂಡದು, ಹಾಗೆಂದು ಶಂಕಿಸಿಯೂ ಇರಕೂಡದು. ಮೂರನೆಯ ಮಾತೇ ಮುಖ್ಯವಾದುದು. ಕಣ್ಣು ಮುಚ್ಚಿಕೊಂಡರೆ ಕಾಣುವುದು ತಪ್ಪುತ್ತದೆ, ಕಿವಿ ಮುಚ್ಚಿಕೊಂಡರೆ ಕೇಳುವುದು ತಪ್ಪುತ್ತದೆ, ಶಂಕೆಗೆ ರೆಪ್ಪೆಯಿಲ್ಲ. ವಿಚಾರಿಸಬೇಡಿ ಎಂದು ಮಗನು ಹೇಳಿದನೆಂದರೆ ಶಂಕೆ ಆಗಲೇ ಮೇಜಿಗೆ ಬಂದು ಕುಳಿತಿದೆ ಎಂದರ್ಥ. ಗೊತ್ತಿಲ್ಲದೆ ತಿನ್ನುವುದು ಬೇರೆ, ಗೊತ್ತಾಗದಿರಲಿ ಎಂದು ತಿನ್ನುವುದು ಬೇರೆ.

ಕೊರಿಯದ ಬೌದ್ಧ ವಿಹಾರಗಳು ಈ ವಿಷಯದಲ್ಲಿ ಇನ್ನೂ ಮುಂದೆ ಹೋದವು. ಅವರ ಅಡಿಗೆಯಲ್ಲಿ ಮೀನು ಮಾಂಸಗಳಿಲ್ಲವಷ್ಟೇ ಅಲ್ಲ, ಐದು ಕಟುವಾಸನೆಯ ಪದಾರ್ಥಗಳೂ ನಿಷಿದ್ಧ. ನಾಲ್ಕು ಈರುಳ್ಳಿ ಬೆಳ್ಳುಳ್ಳಿಗಳ ಜಾತಿಯವು, ಐದನೆಯದು ಹಿಂಗಿನ ಜಾತಿಯದು. ಈರುಳ್ಳಿ ಬೆಳ್ಳುಳ್ಳಿಗಳನ್ನು ಬಿಟ್ಟ ಮಡಿವಂತರು ಕನ್ನಡ ನಾಡಿನಲ್ಲಿಯೂ ಇದ್ದಾರೆ. ಆದರೆ ಅವರು ಬಿಟ್ಟುದರ ಕೊರತೆಯನ್ನು ಹಿಂಗಿನಿಂದಲೇ ತುಂಬಿಕೊಳ್ಳುವವರು. ಕೊರಿಯದ ಭಿಕ್ಷುವಿನ ಮುಂದೆ ಅವರ ಸಾರನ್ನು ಇಟ್ಟರೆ ಒಲ್ಲದ ಅತಿಥಿ ಅವನೇ ಆಗುತ್ತಾನೆ! ಆ ವಿಹಾರಗಳಲ್ಲಿ ಒಂದರೊಳಗೊಂದು ಸೇರುವ ನಾಲ್ಕು ಬಟ್ಟಲುಗಳಲ್ಲಿ ಮೌನವಾಗಿ ಊಟಮಾಡಿ, ಕೊನೆಯಲ್ಲಿ ಬಟ್ಟಲಿಗೆ ನೀರೆರೆದು, ಉಳಿಸಿಕೊಂಡ ಒಂದು ಚೂರು ಮೂಲಂಗಿಯಿಂದಲೋ ಕಿಮ್‌ಚಿಯಿಂದಲೋ ಉಜ್ಜಿ, ಆ ನೀರನ್ನು ಕುಡಿದುಬಿಡುವ ಪದ್ಧತಿಯಿದೆ. ಒಂದು ಅಗುಳೂ ವ್ಯರ್ಥವಾಗಬಾರದೆಂಬುದು ಅವರ ನಿಯಮ. ವ್ರತ ಅತ್ಯಂತ ಕಠಿನವಾದ ಕಡೆಯಲ್ಲಿಯೇ ಅನ್ನದ ಗೌರವವೂ ಅತ್ಯಂತ ಹೆಚ್ಚಾಗಿರುವುದನ್ನು ಇಲ್ಲಿ ಗಮನಿಸಬಹುದು.

ಪಕ್ಕದ ಮೇಜಿನ ಕಡೆ ಹಿರಿಯರ ದೃಷ್ಟಿ ಹೋಯಿತು. ಅಲ್ಲಿ ನಾಲ್ವರು ವಿದ್ಯಾರ್ಥಿಗಳು ನಡುವೆ ಕುದಿಯುತ್ತಿದ್ದ ಒಂದೇ ಪಾತ್ರೆಗೆ ತಮ್ಮ ತಮ್ಮ ಚಮಚಗಳನ್ನು ಅದ್ದಿ, ಬಾಯಿಗಿಟ್ಟು, ಮತ್ತೆ ಅದ್ದುತ್ತಿದ್ದರು. ಎಂಜಲೆಂಬ ಮಾತನ್ನು ಹಾಲಿನೊಡನೆ ಕಲಿತವರಿಗೆ ಈ ನೋಟ ಮೀನಿಗಿಂತಲೂ ಕಠಿನವಾದುದು. ಅವರಿಗೆ ಅದು ಅಶುಚಿಯಲ್ಲ, ಸ್ನೇಹ. 2020ರ ಸಾಂಕ್ರಾಮಿಕದಲ್ಲಿ ಬೇರೆ ಬೇರೆ ತಟ್ಟೆಗೆ ಬಡಿಸಿಕೊಂಡು ತಿನ್ನಿರೆಂದು ಅಲ್ಲಿಯ ಸರ್ಕಾರವೇ ಸಾರಬೇಕಾಯಿತು. ಆ ಹುಡುಗರು ತಿನ್ನುತ್ತಿದ್ದುದು ಸೈನ್ಯದ ಸಾರೆಂಬ ಹೆಸರಿನ ಪದಾರ್ಥ. 1950ರಿಂದ 1953ರ ವರೆಗಿನ ಯುದ್ಧದಲ್ಲಿ ದೇಶ ಸುಟ್ಟು ಬೂದಿಯಾದ ಮೇಲೆ, ಅಮೆರಿಕದ ಸೈನಿಕರ ಪಾಳೆಯಗಳಿಂದ ಹೊರಬಿದ್ದ ಡಬ್ಬಿಯ ಮಾಂಸವನ್ನು ತಂದು, ಕಿಮ್‌ಚಿಯೊಡನೆ ಕುದಿಸಿ ಹೊಟ್ಟೆ ಹೊರೆದವರ ಅಡಿಗೆ ಅದು. ಸಿಯೋಲಿನ ಉತ್ತರಕ್ಕಿರುವ ಉಯಿಜೊಂಗ್ಬು ಎಂಬ ಪಾಳೆಯದ ಊರು ಅದಕ್ಕೆ ಈಗಲೂ ಹೆಸರಾಗಿದೆ.

ಛಾಂದೋಗ್ಯೋಪನಿಷತ್ತಿನ ಉಷಸ್ತಿ ಚಾಕ್ರಾಯಣನ ಕಥೆ ಇಲ್ಲಿ ನೆನಪಿಗೆ ಬರಬೇಕು. ಕುರುದೇಶದ ಬೆಳೆ ಹಾಳಾಗಿ ಕ್ಷಾಮ ಬಂದಾಗ ಆ ಬ್ರಾಹ್ಮಣನು, ಹೀನಧಾನ್ಯವನ್ನು ತಿನ್ನುತ್ತಿದ್ದ ಮಾವುತನೊಬ್ಬನ ಬಳಿ ಅನ್ನ ಬೇಡಿದನು. ತಾನು ತಿನ್ನುತ್ತಿರುವುದರ ಹೊರತು ಬೇರಿಲ್ಲವೆಂದು ಅವನು ಹೇಳಲು, ಅದನ್ನೇ ಕೊಡೆಂದು ಪಡೆದು ತಿಂದನು. ಬಳಿಕ ಮಾವುತನು ಕುಡಿಯಲು ನೀರು ಕೊಡಹೋದಾಗ, ಅದು ಎಂಜಲೆಂದು ನಿರಾಕರಿಸಿದನು. ಧಾನ್ಯವೂ ಎಂಜಲಲ್ಲವೇ ಎಂದು ಮಾವುತನು ಕೇಳಿದನು. ಅದನ್ನು ತಿನ್ನದಿದ್ದರೆ ತಾನು ಬದುಕುತ್ತಿರಲಿಲ್ಲ, ನೀರಾದರೋ ಇಷ್ಟ ಬಂದಲ್ಲಿ ದೊರೆಯುತ್ತದೆ ಎಂಬುದು ಉಷಸ್ತಿಯ ಉತ್ತರ. ವ್ರತದ ಗೆರೆ ಎಲ್ಲಿದೆಯೆಂದು ಅವನಿಗೆ ಅಂಗುಲದಷ್ಟೂ ಸಂದೇಹವಿರಲಿಲ್ಲ. ಹಸಿವಿಲ್ಲವೆಂದು ಅವನು ಹೇಳಲಿಲ್ಲ. ಕೊಟ್ಟ ಕಾಳನ್ನು ಹಳಿಯಲೂ ಇಲ್ಲ. ಕಾರಣವನ್ನು ಕೊಟ್ಟವನ ಮುಖಕ್ಕೇ ಹೇಳಿದನು. ಮಾವುತನು ಅದನ್ನು ಅವಮಾನವೆಂದು ತಿಳಿದನೆಂದು ಕಥೆಯಲ್ಲಿ ಎಲ್ಲಿಯೂ ಇಲ್ಲ.

ಊಟದ ಮನೆಯಲ್ಲಿ ಕುಳಿತ ಹಿರಿಯರಿಗೆ ಪ್ರಾಣಾಪಾಯವಿಲ್ಲ. ಆದುದರಿಂದ ವ್ರತವನ್ನು ಬಿಡಲು ಅವರಿಗೆ ಕಾರಣವೂ ಇಲ್ಲ. ಆದರೆ ಅವರೆದುರಿಗೆ ಇರುವುದು ಆಪತ್ತಿನಲ್ಲಿ ಆರಿಸುವ ಸ್ವಾತಂತ್ರ್ಯವನ್ನೇ ಕಳೆದುಕೊಂಡಿದ್ದ ಜನದ ಮೇಜು. ಅಕ್ಕಿಯನ್ನೇ ಅನ್ನವೆಂದು ತಿಳಿದ ಆ ದೇಶದಲ್ಲಿ, ಅಕ್ಕಿ ಸಾಲದೆ, 1969ರಿಂದ ಬುಧವಾರ ಶನಿವಾರಗಳಂದು ಹಗಲಿನ ಹೊತ್ತಿನಲ್ಲಿ ಊಟದ ಮನೆಗಳು ಅಕ್ಕಿಯ ಪದಾರ್ಥವನ್ನು ಮಾರಕೂಡದೆಂದು ಸರ್ಕಾರವು ಕಟ್ಟುಮಾಡಿತು. ಶಾಲೆಯಲ್ಲಿ ಉಪಾಧ್ಯಾಯರು ಮಕ್ಕಳ ಬುತ್ತಿಯ ಮುಚ್ಚಳ ತೆಗೆಸಿ, ಅನ್ನದಲ್ಲಿ ಬಾರ್ಲಿ ಬೆರೆತಿದೆಯೇ ಎಂದು ಪರೀಕ್ಷಿಸುತ್ತಿದ್ದರು. ಅಮೆರಿಕದ ಗೋಧಿಯ ಹಿಟ್ಟಿನಿಂದ ಮಾಡಿದ ತಿಂಡಿಗಳ ಸಣ್ಣ ಅಂಗಡಿಗಳು ಆ ಕಾಲದಲ್ಲಿ ಹಬ್ಬಿದವು. ಅವುಗಳ ಹೆಸರಿಗೇ ಹಿಟ್ಟಿನ ಊಟವೆಂದು ಅರ್ಥ. ಭಾರತದಲ್ಲಿಯೂ 1965ರಲ್ಲಿ ಲಾಲಬಹಾದುರ ಶಾಸ್ತ್ರಿಗಳು ವಾರಕ್ಕೊಂದು ಹೊತ್ತಿನ ಊಟವನ್ನು ಬಿಡಿರೆಂದು ಜನರನ್ನು ಕೇಳಿಕೊಂಡರು. ಅಲ್ಲಿ ಅದು ಕೇಳಿಕೆಯಲ್ಲ, ಆಜ್ಞೆ. ಒಂದು ತಲೆಮಾರು ಒಲ್ಲದ ಮನಸ್ಸಿನಿಂದ ಉಂಡುದನ್ನು ಮುಂದಿನ ತಲೆಮಾರು ಆಸೆಪಟ್ಟು ಹುಡುಕಿಕೊಂಡು ಬರುತ್ತದೆ. ಅಂಥ ಮೇಜಿನ ಮುಂದೆ ವ್ರತವನ್ನು ಹೇಳಬಹುದು. ಮುಖವನ್ನು ಸಿಂಡರಿಸಬಾರದು.

ಲೋಕದಲ್ಲಿ ನಡೆಯುವುದು ಮಾತ್ರ ಇದಕ್ಕೆ ವ್ಯತಿರಿಕ್ತ. ವ್ರತವನ್ನು ಹೇಳಿಕೊಳ್ಳಲು ಮನುಷ್ಯನು ನಾಚುತ್ತಾನೆ. ಹಳ್ಳಿಗನೆಂದು, ಮಡಿವಂತನೆಂದು ನಕ್ಕಾರೆಂದು ಅಂಜುತ್ತಾನೆ. ಜುಗುಪ್ಸೆಯನ್ನು ತೋರಿಸಲು ನಾಚುವುದಿಲ್ಲ. ಅದು ಅವನ ಅನುಮತಿಯಿಲ್ಲದೆ ಮೂಗಿನ ಮೇಲೆ, ಹುಬ್ಬಿನ ಮೇಲೆ ಬಂದು ಕುಳಿತುಬಿಡುತ್ತದೆ. ಬಡಿಸುವವಳಿಗೆ ಭಾಷೆ ಬಾರದಿರಬಹುದು, ಹುಬ್ಬು ಅರ್ಥವಾಗದೆ ಇರದು. ಹೇಳಬೇಕಾದುದನ್ನು ನುಂಗಿ, ನುಂಗಬೇಕಾದುದನ್ನು ಹೇಳುವ ಈ ವಿಪರ್ಯಾಸದಿಂದಲೇ ಒಲ್ಲದ ಅತಿಥಿಗೆ ಕೆಟ್ಟ ಹೆಸರು ಬಂದಿದೆ. ಅನ್ನವನ್ನು ನಿಂದಿಸಬಾರದೆಂದು ತೈತ್ತಿರೀಯೋಪನಿಷತ್ತು ವಿಧಿಸುವಾಗ ಅದನ್ನೊಂದು ವ್ರತವೆಂದೇ ಕರೆದಿದೆ. ಶಾಕಾಹಾರ ವ್ರತವಾದರೆ ಇದೂ ವ್ರತ. ಒಂದನ್ನು ಪಾಲಿಸಲು ಇನ್ನೊಂದನ್ನು ಮುರಿಯಬೇಕಾದ ಪ್ರಸಂಗ ಅಪರೂಪ.

"ಹಸಿವಿಲ್ಲವೆನ್ನಬೇಡ" ಎಂದರು ಹಿರಿಯರು ಮಗನಿಗೆ, ಸ್ವಲ್ಪ ಹೊತ್ತಾದ ಮೇಲೆ. "ಇದ್ದದ್ದನ್ನು ಹೇಳು. ಮೀನಿನ ನೀರೂ ಆಗುವುದಿಲ್ಲ ಎಂದು ಹೇಳು." ಮಗನು ತರುಣನಿಗೆ ಹೇಳಿದನು, ತರುಣನು ಒಳಗಿದ್ದ ಹೆಂಗಸಿಗೆ ಹೇಳಿದನು. ಅವಳು ಹೊರಗೆ ಬಂದು, ಮೇಜಿನ ಮೇಲಿನ ಬಟ್ಟಲುಗಳಲ್ಲಿ ಇದು ಆಗುತ್ತದೆ, ಇದು ಆಗುವುದಿಲ್ಲ ಎಂದು ಕೈಯಿಂದ ತೋರಿಸಿ, ಕಿಮ್‌ಚಿಯನ್ನು ತಾನೇ ಎತ್ತಿಕೊಂಡು ಹೋದಳು. ಅದು ಹೋದಾಗ ಹಿರಿಯರಿಗೆ ಆದ ಸಂತೋಷದಲ್ಲಿ ಎಷ್ಟು ಪಾಲು ಸೀಗಡಿಯದು, ಎಷ್ಟು ಪಾಲು ವಾಸನೆಯದು ಎಂಬುದನ್ನು ಅವರೇ ಬಲ್ಲರು.

ಕಾಲು ಗಂಟೆಯ ಮೇಲೆ ದೊಡ್ಡ ಬಟ್ಟಲೊಂದು ಬಂತು. ಬಿಸಿ ಅನ್ನದ ಸುತ್ತ ಪಾಲಕ್, ಮೊಳಕೆ, ಹೆಚ್ಚಿದ ಗಜ್ಜರಿ. ಮೇಲೆ ಇಡಬೇಕಾಗಿದ್ದ ಮೊಟ್ಟೆಯಿಲ್ಲ, ಮಾಂಸವಿಲ್ಲ. ಪಕ್ಕದ ಪುಟ್ಟ ಬಟ್ಟಲಿನಲ್ಲಿ ಕೆಂಪು ಗೊಜ್ಜು ಬೇರೆಯಾಗಿ ಬಂತು. ಮೆಣಸಿನಪುಡಿ, ಅಂಟಕ್ಕಿ, ಹುದುಗಿಸಿದ ಸೋಯಾ, ಉಪ್ಪು ಇವುಗಳಿಂದ ಮಾಡಿದ್ದು. ಮೀನಿಲ್ಲವೆಂದು ತರುಣನು ಕೇಳಿ ತಿಳಿದು ಹೇಳಿದನು. ವ್ರತ ಇಲ್ಲಿಗೆ ಸುಮ್ಮನಾಯಿತು. ಉಳಿದುದು ಮೂಗು ಒಂದೇ. ಹಿರಿಯರು ಚಮಚದ ತುದಿಯಷ್ಟು ಗೊಜ್ಜನ್ನು ತೆಗೆದು ಅನ್ನಕ್ಕೆ ಕಲಸಿದರು. ಚಮಚವನ್ನು ಬಿಟ್ಟು ಕೈಯಿಂದಲೇ ಕಲಸಲು ಹೋಗಿ ತಡೆದುಕೊಂಡುದನ್ನು ಕಂಡು ಮಗನು ನಕ್ಕನು. ರುಚಿ ಹಿಡಿಸಿತೆಂದು ಹೇಳುವಂತಿಲ್ಲ. ಗೊಜ್ಜಿನಲ್ಲಿ ಒಂದು ಬಗೆಯ ಸಿಹಿಯಿತ್ತು, ಹುದುಗಿನ ಕಮಟಿತ್ತು. ಎರಡನೆಯ ತುತ್ತಿಗೂ ಅದು ಹೋಗಲಿಲ್ಲ. ಆದರೂ ಉಂಡರು; ಬಟ್ಟಲಿನ ಮುಕ್ಕಾಲು ಪಾಲು ಬರಿದಾಯಿತು.

ಹೊರಡುವಾಗ ಆ ಹೆಂಗಸು ಬಾಗಿಲ ಬಳಿ ನಿಂತು ಹಿರಿಯರ ಮುಖ ನೋಡಿ ಏನನ್ನೋ ಕೇಳಿದಳು. ಮಗನು ಅರ್ಥ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಿರಿಯರು ಕೈ ಮುಗಿದು ಕನ್ನಡದಲ್ಲಿಯೇ, "ಊಟ ಆಯಿತಮ್ಮ" ಎಂದರು.